ಮುಧೋಳ ನಾಯಿಗೆ ಹಸಿ ಮಾಂಸ: ನಮ್ಮೂರ ಮಟನ್ ಅಂಗಡಿಯ ಮಾಲು ಒಂದೊಂದಾಗಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಮುಧೋಳ ನಾಯಿ ಸಾಕಿದವರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಬ್ಯಾಟಿ ನಾಯಿಗೆ ಹಸೀ ಮಾಂಸಾನ ಹಾಕ್ಬೇಕ್ರಿ, ಬೇಯಿಸಿದ್ದು ಹಾಕಿದ್ರ ಓಟ ಕಡಿಮಿ ಆಗತೈತಿ.’ ಇದನ್ನು ನಂಬಿದವರು ಸೀದಾ ಮಟನ್ ಅಂಗಡಿಗೆ ಹೋಗಿ ‘ನಾಯಿಗ ಏನರ ಉಳದೈತೇನ್ರಿ ಭಾಯ್?’ ಅಂತ ಕೇಳುತ್ತಾರೆ. ಅಂಗಡಿಯವರು ಪುಪ್ಪುಸ, ಗಂಟಲ ಕೊಳವೆ, ಲಿವರಿನ ಬೇಡವಾದ ತುಂಡು, ಕೊಬ್ಬಿನ ಪೊರೆ, ಎಲುಬಿನ ಚೂರು ಎಲ್ಲ ಸೇರಿಸಿ ಒಂದು ಕರಿ ಚೀಲ ಕೊಡುತ್ತಾರೆ. ಈ ವಿಮರ್ಶೆ ಆ ಚೀಲದ್ದು. ಒಂದು ಅಂಗಡಿಯ ಹೆಸರು ಹೇಳಿ ಹೊಗಳುವುದಕ್ಕಿಂತ, ಯಾವ ಅಂಗಡಿಗೆ ಹೋದರೂ ಏನು ಕೇಳಬೇಕು, ಏನು ಬೇಡ ಅನ್ನಬೇಕು ಎನ್ನುವುದು ನಾಯಿ ಸಾಕುವವರಿಗೆ ಹೆಚ್ಚು ಬೇಕಾದ ಸಂಗತಿ.

ತೀರ್ಪು ಮೊದಲೇ ಹೇಳಿಬಿಡಬಹುದು. ಗುಂಡಿಗೆ, ಮಾಂಸದ ಚೂರು, ಕೋಳಿ ಕತ್ತು ಈ ಮೂರನ್ನು ಬೇರೆ ಬೇರೆಯಾಗಿ ಕೇಳಿ ತಂದರೆ ಮಟನ್ ಅಂಗಡಿ ಮತ್ತು ಚಿಕನ್ ಸೆಂಟರ್ ಸೇರಿ ನಾಯಿಗೆ ಒಳ್ಳೆಯ ಊಟ ಕೊಡಬಲ್ಲವು. ಎಲ್ಲ ಬೆರೆಸಿದ ಕರಿ ಚೀಲಕ್ಕೆ ಮಾತ್ರ 5ಕ್ಕೆ 1 ಅಂಕ. ಅದರೊಳಗಿನ ಕುರಿಯ ಲಿವರ್, ಪುಪ್ಪುಸಗಳನ್ನು ಹಸಿಯಾಗಿ ಎಂದಿಗೂ ಹಾಕಬಾರದು. ನಮ್ಮ ಜಿಲ್ಲೆಗಳು ಕುರಿ ಸಾಕಣೆಯ ಜಿಲ್ಲೆಗಳು ಎಂಬುದೇ ಇದಕ್ಕೆ ಕಾರಣ.

ಕುರಿಯ ಲಿವರ್ ಮತ್ತು ಪುಪ್ಪುಸದ ಮೇಲೆ ಕೆಲವೊಮ್ಮೆ ಬಟಾಣಿಯಿಂದ ಲಿಂಬೆಹಣ್ಣಿನ ಗಾತ್ರದವರೆಗಿನ, ಮುತ್ತಿನ ಬಣ್ಣದ, ಒತ್ತಿದರೆ ಬಿಗಿಯಾಗಿರುವ ನೀರುಗುಳ್ಳೆ ಕಾಣುತ್ತದೆ. ಕುಯ್ದರೆ ತಿಳಿನೀರು ಚಿಮ್ಮುತ್ತದೆ. ಹಳೆಯದಾದರೆ ಒಳಗೆ ಸುಣ್ಣದ ಹಾಗೆ ಗಟ್ಟಿಯಾಗಿರುತ್ತದೆ. ಇದು ಎಕೈನೊಕಾಕಸ್ ಗ್ರಾನುಲೋಸಸ್ ಎಂಬ ಲಾಡಿಹುಳುವಿನ ಮರಿ ಹಂತ. ನಾಯಿ ಇದನ್ನು ಹಸಿಯಾಗಿ ತಿಂದರೆ ಆರೇಳು ವಾರಗಳಲ್ಲಿ ಅದರ ಕರುಳಿನಲ್ಲಿ ಹುಳು ಬೆಳೆದು ಮಲದಲ್ಲಿ ಮೊಟ್ಟೆ ಬರತೊಡಗುತ್ತವೆ. ಹುಳುವಿನ ಉದ್ದ ಕೆಲವೇ ಮಿಲಿಮೀಟರ್, ಹಾಗಾಗಿ ಮಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾಯಿಗೆ ಏನೂ ಆಗಿರುವುದಿಲ್ಲ, ಮೈ ತುಂಬಿಕೊಂಡು ಓಡಾಡಿಕೊಂಡೇ ಇರುತ್ತದೆ. ಮೊಟ್ಟೆ ಅಂಟಿದ ಅದರ ಮೈ ಸವರಿ ಕೈ ತೊಳೆಯದೆ ಊಟ ಮಾಡಿದ ಮನುಷ್ಯನ ಲಿವರ್ ಅಥವಾ ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೊನೆಗೆ ಆಪರೇಷನ್‌ವರೆಗೂ ಹೋಗಬಹುದು. ಅಂಗಳದಲ್ಲಿ ನಾಯಿಯ ಜೊತೆ ಆಡುವ ಮಕ್ಕಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚು.

ಅಂಗಡಿಯವರು ಗುಳ್ಳೆ ಇರುವ ತುಂಡನ್ನು ಮನುಷ್ಯರಿಗೆ ಮಾರುವುದಿಲ್ಲ, ಕತ್ತರಿಸಿ ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟದ್ದು ಹೋಗುವುದು ಎಲ್ಲಿಗೆ? ನಾಯಿಯ ಚೀಲಕ್ಕೆ, ಇಲ್ಲವೇ ಅಂಗಡಿ ಮುಂದೆ ಕಾಯುವ ಬೀದಿನಾಯಿಗಳಿಗೆ. ಅಂದರೆ ಇಡೀ ಕುರಿಯಲ್ಲಿ ನಾಯಿಗೆ ಕೊಡಲೇಬಾರದ ಭಾಗವೇ ಆರಿಸಿ ನಾಯಿಗೆ ಬರುತ್ತದೆ. ಅಂಗಡಿಯನ್ನು ಅಳೆಯಲು ಇದೇ ಒಳ್ಳೆಯ ಗುರುತು. ಗುಳ್ಳೆ ಬಂದ ಲಿವರನ್ನು ಏನು ಮಾಡುತ್ತೀರಿ ಅಂತ ಕೇಳಿ. ಬೇರೆ ಡಬ್ಬಿಗೆ ಹಾಕಿ ಹೂಳಿಸುತ್ತೇವೆ ಅಥವಾ ಸುಡಿಸುತ್ತೇವೆ ಅಂದವರ ಹತ್ತಿರ ಕಣ್ಣುಮುಚ್ಚಿ ಗಿರಾಕಿಯಾಗಬಹುದು. ಅಂಗಡಿ ಮುಂದೆ ಬೀದಿನಾಯಿಗಳ ಹಿಂಡು ಖಾಯಂ ಕೂತಿದ್ದರೆ ಕೇಳುವ ಅಗತ್ಯವೂ ಇಲ್ಲ.

ಇನ್ನು ಒಂದೊಂದಾಗಿ ನೋಡೋಣ.

ಗುಂಡಿಗೆ: 5ಕ್ಕೆ 4. ಕೊಬ್ಬು ಕಡಿಮೆ, ಟಾರಿನ್ ಎಂಬ ಅಮೈನೋ ಆಮ್ಲ ಮತ್ತು ಬಿ ವಿಟಮಿನ್ ಹೇರಳ, ಓಡುವ ನಾಯಿಗೆ ಹೇಳಿಮಾಡಿಸಿದ್ದು. ಇಡಿಯಾಗಿ ಕೊಡಬೇಡಿ, ಉದ್ದಕ್ಕೆ ಸೀಳಿ ಒಳಗಿನ ಹೆಪ್ಪುಗಟ್ಟಿದ ರಕ್ತ ತೆಗೆದು ನೋಡಿ. ಸ್ನಾಯುವಿನಲ್ಲಿ ಅಕ್ಕಿಕಾಳಿನಷ್ಟೋ ಬಟಾಣಿಯಷ್ಟೋ ಬಿಳಿ ಗುಳ್ಳೆ ಇದ್ದರೆ ಅದು ಇನ್ನೊಂದು ಲಾಡಿಹುಳು, ಟೀನಿಯಾ ಓವಿಸ್. ಆ ಗುಂಡಿಗೆ ಬೇಡ. ಬರಿಗಣ್ಣಿಗೆ ಕಾಣದ ಗುಳ್ಳೆಯೂ ಇರುವುದರಿಂದ ಶುದ್ಧ ಕಂಡ ಗುಂಡಿಗೆಯನ್ನೂ ಡೀಪ್ ಫ್ರೀಜರಿನಲ್ಲಿಟ್ಟು ಆಮೇಲೆ ಹಾಕುವುದು ಕ್ಷೇಮ. ಕುರಿ ಸಾಕಣೆಗೆ ಹೆಸರಾದ ನ್ಯೂಜಿಲೆಂಡಿನಲ್ಲಿ ಈ ಹುಳುವಿಗಾಗಿಯೇ ನಾಯಿಗೆ ಹಾಕುವ ಕುರಿ ಮಾಂಸವನ್ನು ಮೈನಸ್ 10 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ 10 ದಿನ ಇಡಬೇಕು, ಇಲ್ಲವೇ ಪೂರ್ತಿ ಬೇಯಿಸಬೇಕು ಎಂಬ ಲೆಕ್ಕವಿದೆ. ನಮ್ಮಲ್ಲೂ ಅದನ್ನೇ ಹಿಡಿದುಕೊಳ್ಳಬಹುದು.

ಮಾಂಸದ ಚೂರು: 5ಕ್ಕೆ 4. ಎಲುಬು ಬಿಡಿಸುವಾಗ ಉದುರುವ ತುಂಡು, ವಪೆಯ (ಎದೆ-ಹೊಟ್ಟೆಯ ನಡುವಿನ ಸ್ನಾಯು) ಪಟ್ಟಿ, ಕತ್ತಿನ ಮಾಂಸ. ಇಡೀ ಮಟನ್‌ಗಿಂತ ಅಗ್ಗ, ಪೌಷ್ಟಿಕತೆಯಲ್ಲಿ ಕಡಿಮೆಯಿಲ್ಲ. ಹೊಟ್ಟೆಯ ಕೊಬ್ಬಿನ ಪೊರೆ ಮಾತ್ರ ಬೇರೆ ಮಾಡಿಸಿಕೊಳ್ಳಿ. ಒಮ್ಮೆಲೇ ಕಾಲು ಕೆಜಿ ಕೊಬ್ಬು ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಮೇದೋಜೀರಕದ ಉರಿಯೂತ ಬರುತ್ತದೆ. ಆ ಪೊರೆಯ ಮೇಲೆ ತೆಳ್ಳನೆ ಕತ್ತಿನಿಂದ ಜೋತುಬಿದ್ದ, ಒಳಗೊಂದು ಬಿಳಿ ಚುಕ್ಕೆಯಿರುವ ನೀರಿನ ಚೀಲ ಕಂಡರೆ ಅದೂ ಲಾಡಿಹುಳುವಿನ ಮರಿಯೇ. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ, ಆದರೆ ನಾಯಿಯಿಂದ ಮತ್ತೆ ಕುರಿಗೆ ಹರಡುತ್ತದೆ.

ಬೋಟಿ: ಬೇಯಿಸಿದರೆ 4, ಹಸಿಯಾಗಿ 2. ಹೊರದೇಶದ ಹಸಿ ಆಹಾರದವರು ತೊಳೆಯದ ಜಠರವನ್ನು ಹಾಡಿ ಹೊಗಳುತ್ತಾರೆ. ನಮ್ಮ ಅಂಗಡಿಯಲ್ಲಿ ಸಿಗುವುದು ಬಿಸಿನೀರು, ಎಷ್ಟೋ ಕಡೆ ಸುಣ್ಣ ಹಾಕಿ ಬಿಳಿ ಮಾಡಿದ ಬೋಟಿ. ಸುಣ್ಣ ಉಳಿದಿದ್ದರೆ ನಾಯಿಯ ಬಾಯಿ, ಅನ್ನನಾಳ ಸುಡುತ್ತದೆ. ನಾಲ್ಕೈದು ನೀರಿನಲ್ಲಿ ತೊಳೆದು, ಬೆರಳಿಗೆ ಜಾರುವ ಅಂಟು ಪೂರ್ತಿ ಹೋದ ಮೇಲೆ ಬೇಯಿಸಿ ಹಾಕಿ.

ಗಂಟಲ ಕೊಳವೆ: 5ಕ್ಕೆ 3. ಅಗಿಯಲು ಚೆಂದ, ಹಲ್ಲಿಗೂ ಒಳ್ಳೆಯದು. ಆದರೆ ಧ್ವನಿಪೆಟ್ಟಿಗೆಯ ಇಕ್ಕೆಲಗಳಲ್ಲಿ ಅಂಟಿಕೊಂಡಿರುವ ಕೆಂಗಂದು ಬಣ್ಣದ ಎರಡು ಗಡ್ಡೆ ಥೈರಾಯ್ಡ್ ಗ್ರಂಥಿ. ಅದನ್ನು ದಿನವೂ ತಿಂದ ನಾಯಿಗೆ ಥೈರಾಯ್ಡ್ ಹೆಚ್ಚಾಗಿ ತೂಕ ಇಳಿಯುತ್ತದೆ, ಎದೆಬಡಿತ ಏರುತ್ತದೆ, ಸುಮ್ಮನೆ ಕೂರುವುದಿಲ್ಲ. ಮುಧೋಳ ನಾಯಿ ಮೊದಲೇ ಸಪೂರ, ಹೀಗಾಗಿ ಮಾಲೀಕರು ‘ಓಡಾಟ ಜಾಸ್ತಿ, ಅದಕ್ಕ ಸೊರಗೈತಿ’ ಅಂದುಕೊಂಡು ತಿಂಗಳುಗಟ್ಟಲೆ ಬಿಟ್ಟುಬಿಡುವ ಸಂಭವವಿದೆ. ಗಡ್ಡೆಗಳನ್ನು ಕತ್ತರಿಸಿ ತೆಗೆದ ಮೇಲೆಯೇ ಕೊಳವೆ ಕೊಡಿ.

ತಲೆ: ಹಸಿಯಾಗಿ ಸೊನ್ನೆ. ಕುರಿ ಒಂದೇ ಕಡೆ ಸುತ್ತು ಹಾಕುತ್ತ ಬೀಳುವ ರೋಗವನ್ನು ಕುರಿಗಾಹಿಗಳೆಲ್ಲ ಕಂಡಿರುತ್ತಾರೆ. ಅದರ ಮಿದುಳಿನಲ್ಲಿ ಬೆಳೆಯುವ ಗುಳ್ಳೆ ನಾಯಿಯ ಲಾಡಿಹುಳುವಿನದೇ. ಅಂಥ ಕುರಿಯ ತಲೆಯನ್ನು ಹಟ್ಟಿಯ ನಾಯಿಗೆ ಎಸೆದರೆ ಮುಂದಿನ ವರ್ಷ ಇನ್ನಷ್ಟು ಕುರಿ ಸುತ್ತುತ್ತವೆ. ಸುಟ್ಟ ತಲೆ-ಕಾಲುಗಳೂ ಬೇಡ. ಬೆಂಕಿ ತಗುಲಿದ ಎಲುಬು ಪೆಡಸಾಗಿ ಸೂಜಿಯಂತೆ ಸಿಡಿಯುತ್ತದೆ.

ಎಲುಬಿನ ಬಗ್ಗೆ ಎರಡು ಮಾತು ಹೆಚ್ಚಾದರೂ ಸರಿ, ಹೇಳಲೇಬೇಕು. ಮರದ ದಿಮ್ಮಿಯ ಮೇಲೆ ಕತ್ತಿಯಿಂದ ಕೊಚ್ಚಿದ ಎಲುಬಿಗೆ ಚೂಪು ಅಂಚು ಬರುತ್ತದೆ. ಹಸಿ ಎಲುಬು ಸಿಡಿಯುವುದಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜವೇ ಆದರೂ, ಕೊಚ್ಚುವಾಗಲೇ ಸಿಡಿದ ಚೂರು ಕರುಳಿಗೆ ಚುಚ್ಚುತ್ತದೆ. ಕೀಲಿನ ಹತ್ತಿರ ಬಿಡಿಸಿಕೊಡಿ ಅಂತ ಹೇಳಿದರೆ ಅಂಗಡಿಯವರು ಬಿಡಿಸಿಕೊಡುತ್ತಾರೆ. ತೊಡೆಯ ನಳಿಕೆ ಎಲುಬು ಬೇಡ, ಅದನ್ನು ಕಡಿಯಲು ಹೋಗಿ ನಾಯಿಯ ಹಿಂದವಡೆ ಸೀಳುತ್ತದೆ. ಬೇಯಿಸಿದ ಎಲುಬಂತೂ ಯಾವುದೂ ಬೇಡ.

ಎಲುಬಿಗೆ ಸುಲಭದ ದಾರಿ ಚಿಕನ್ ಸೆಂಟರಿನ ಕತ್ತು. ಕತ್ತಿನ ತೂಕದಲ್ಲಿ ನೂರಕ್ಕೆ ಸುಮಾರು 36 ಪಾಲು ಎಲುಬು, ಅದೂ ಮೆತ್ತಗಿನದು. ಇಲ್ಲಿ ಒಂದು ಎಚ್ಚರ ಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಪಶುವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಹಿಂಗಾಲಿನಿಂದ ಶುರುವಾಗಿ ನಾಲ್ಕೂ ಕಾಲು ಸೋಲುವ ನರರೋಗಕ್ಕೂ ಹಸಿ ಕೋಳಿಯಲ್ಲಿರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೂ ನಂಟು ತೋರಿಸಿತು. ರೋಗ ಬಂದ ನಾಯಿಗಳಲ್ಲಿ ಆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ 9.4 ಪಟ್ಟು ಹೆಚ್ಚಿತ್ತು. ಇದು ಬೇಡ ಎನ್ನುವವರಿಗೆ ಮೊಟ್ಟೆಚಿಪ್ಪಿನ ಪುಡಿ ಇದೆ. ಚಿಪ್ಪನ್ನು ತೊಳೆದು, 10 ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಎಲುಬಿಲ್ಲದ ಅರ್ಧ ಕೆಜಿ ಮಾಂಸಕ್ಕೆ ಅರ್ಧ ಚಹಾ ಚಮಚ ಸಾಕು, ಅದರಲ್ಲಿ ಹತ್ತಿರಹತ್ತಿರ 1 ಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಬರೀ ಮಾಂಸ ಹಾಕಿ ಎಲುಬನ್ನೂ ಪುಡಿಯನ್ನೂ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಮರಿಗಳಲ್ಲಿ ಕಾಣಬಹುದು. ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಉದ್ದಗಾಲಿನ ಮುಧೋಳ ಮರಿಯ ಮುಂಗಾಲು ಸೊಟ್ಟಗಾಗುತ್ತದೆ, ಕುಂಟುತ್ತದೆ, ಸಣ್ಣ ಜಿಗಿತಕ್ಕೂ ಎಲುಬು ಮುರಿಯುತ್ತದೆ. ಎಲುಬು ಅತಿಯಾದರೆ ಮಲ ಸುಣ್ಣದ ಉಂಡೆಯಂತೆ ಬಿಳಿಯಾಗಿ ಗಟ್ಟಿಯಾಗುತ್ತದೆ, ನಾಯಿ ತಿಣುಕಿದರೂ ಬರುವುದಿಲ್ಲ. ಮಲದ ಬಣ್ಣ ನೋಡಿಯೇ ಪ್ರಮಾಣ ಹೆಚ್ಚು-ಕಡಿಮೆ ಮಾಡಿಕೊಳ್ಳಬಹುದು.

ಲೆಕ್ಕ ಹೀಗೆ. ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ನೂರಕ್ಕೆ 2ರಿಂದ 3 ಪಾಲು. 24 ಕೆಜಿಯ ನಾಯಿಗೆ ಎರಡೂವರೆ ಪಾಲಿನಂತೆ 600 ಗ್ರಾಂ. ಹಸಿ ಆಹಾರದವರು ಹಿಡಿಯುವ 80-10-10ರ ಲೆಕ್ಕದಲ್ಲಿ ಅದು 480 ಗ್ರಾಂ ಮಾಂಸ, 60 ಗ್ರಾಂ ಎಲುಬು, 30 ಗ್ರಾಂ ಲಿವರ್, 30 ಗ್ರಾಂ ಗುಲ್ಮ ಅಥವಾ ಕಿಡ್ನಿ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಕೋಳಿ ಕತ್ತು 165 ಗ್ರಾಂ, ಮಟನ್ ಚೂರು 300, ಗುಂಡಿಗೆ 75, ಬೇಯಿಸಿದ ಲಿವರ್ 30, ಬೇಯಿಸಿದ ಗುಲ್ಮ ಅಥವಾ ಕಿಡ್ನಿ 30. ಲಿವರನ್ನು ಇದಕ್ಕಿಂತ ಹೆಚ್ಚಿಸಬೇಡಿ, ವಿಟಮಿನ್ ಎ ಮೈಯಲ್ಲಿ ಕೂಡಿಕೊಂಡು ಕೀಲು ಹಿಡಿಯುತ್ತದೆ. ಈ ಲೆಕ್ಕದಲ್ಲೂ ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಇ ಕಡಿಮೆ ಬೀಳುತ್ತವೆ, ಅದಕ್ಕೆ ಪಶುವೈದ್ಯರನ್ನು ಕೇಳಿ ಪೂರಕ ಪುಡಿ ಬರೆಸಿಕೊಳ್ಳಿ. 2ರಿಂದ 4 ತಿಂಗಳ ಮರಿಗೆ ತೂಕದ 8ರಿಂದ 10 ಪಾಲು ಬೇಕು, ಆದರೆ ಮರಿಗೆ, ಬಸುರಿ ನಾಯಿಗೆ ಹಸಿ ಮಾಂಸದ ಪ್ರಯೋಗವೇ ಬೇಡ.

ಲಿವರ್, ಪುಪ್ಪುಸ ಬೇಯಿಸುವ ಕ್ರಮ: ಎರಡು ಇಂಚಿಗಿಂತ ದೊಡ್ಡ ತುಂಡು ಬೇಡ, ನೀರು ಕುದಿ ಹತ್ತಿದ ಮೇಲೆ ಪೂರ್ತಿ 30 ನಿಮಿಷ. ಪುಪ್ಪುಸ ಗಾಳಿ ತುಂಬಿದ್ದು, ನೀರಿನ ಮೇಲೆ ತೇಲುತ್ತದೆ, ಮೇಲ್ಭಾಗ ಬೇಯದೆ ಉಳಿಯುತ್ತದೆ. ಪಾತ್ರೆಯೊಳಗೆ ಒಂದು ತಟ್ಟೆ ಬೋರಲು ಹಾಕಿ ಮೇಲೊಂದು ಭಾರ ಇಡಿ. ಕುಕ್ಕರಿನಲ್ಲಿ ಬೇಡ, ಪುಪ್ಪುಸದ ನೊರೆ ಉಕ್ಕಿ ಸೀಟಿಯ ರಂಧ್ರ ಕಟ್ಟಿಕೊಳ್ಳಬಹುದು. ಬೆಂದ ನೀರನ್ನು ಚೆಲ್ಲದೆ ಜೋಳದ ನುಚ್ಚಿಗೆ ಕಲಸಿ ಹಾಕಿ, ಕರಗಿದ ಬಿ ವಿಟಮಿನ್‌ಗಳೆಲ್ಲ ಅದರಲ್ಲೇ ಇರುತ್ತವೆ. ಬೇಯಿಸಿದ ಮಾಂಸದಿಂದ ಓಟ ಕುಂದುತ್ತದೆ ಎಂಬುದಕ್ಕೆ ಬುಡವಿಲ್ಲ. ನುಚ್ಚು, ರೊಟ್ಟಿ, ಮಜ್ಜಿಗೆ ತಿಂದೇ ಈ ತಳಿ ನಮ್ಮ ಎರೆಹೊಲಗಳಲ್ಲಿ ಓಡಿಕೊಂಡು ಬಂದಿದೆ. ಮನೆಯ ಮಟನ್ ಸಾರು ಮಾತ್ರ ಕಲಸಬೇಡಿ, ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಯಾವ ದಿನ ಹೋಗಬೇಕು? ಭಾನುವಾರ ಬೆಳಿಗ್ಗೆ ಬೇಗ. ಆ ದಿನ ಮಾಲು ಬೇಗ ಖರ್ಚಾಗುವುದರಿಂದ ತಾಜಾ ಇರುತ್ತದೆ. ಸೋಮವಾರ ಸಿಗುವುದು ಬಹುತೇಕ ಹಿಂದಿನ ದಿನದ್ದು. ಶ್ರಾವಣದಲ್ಲಿ ವ್ಯಾಪಾರ ಬೀಳುತ್ತದೆ, ಆಗ ಹೆಚ್ಚು ನೋಡಿ ಕೊಳ್ಳಿ. ಗುಂಡಿಗೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ತುಂಬಿಕೊಳ್ಳಬೇಕು, ಹುಳಿ ವಾಸನೆ ಇರಬಾರದು, ಅಂಚು ಹಸಿರುಗಟ್ಟಿರಬಾರದು. ಏಪ್ರಿಲ್-ಮೇ ಬಿಸಿಲಿನಲ್ಲಿ ಸ್ಟೀಲ್ ಡಬ್ಬಿಯಲ್ಲಿ ಐಸ್ ಒಯ್ದು ಅದರಲ್ಲೇ ತನ್ನಿ. ಗಾಡಿಯ ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡು ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವಷ್ಟರಲ್ಲಿ ಮಾಂಸ ಬೆಚ್ಚಗಾಗಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಹದವಾಗಿರುತ್ತದೆ.

ಮನೆಯಲ್ಲಿ ಒಂದು ಹೊತ್ತಿನಷ್ಟನ್ನೇ ಒಂದು ಇಂಚು ದಪ್ಪಕ್ಕೆ ಚಪ್ಪಟೆ ಮಾಡಿ ತಾರೀಖು ಬರೆದು ಫ್ರೀಜರಿಗಿಡಿ. ಒಂದೇ ಬಾಗಿಲಿನ ಫ್ರಿಜ್‌ನ ಮೇಲಿನ ಡಬ್ಬಿ ಎಷ್ಟೋ ಮನೆಗಳಲ್ಲಿ ಬೇಕಾದಷ್ಟು ತಣ್ಣಗಾಗುವುದಿಲ್ಲ. ಒಳಗೆ ಥರ್ಮಾಮೀಟರ್ ಇಟ್ಟು, ಕ್ಷೇಮಕ್ಕೆ ಮೈನಸ್ 10ಕ್ಕಿಂತಲೂ ತಣ್ಣಗೆ, ಮೈನಸ್ 18 ತೋರಿಸುತ್ತದೆಯೇ ನೋಡಿದ ಮೇಲೆಯೇ 10 ದಿನದ ಲೆಕ್ಕ ಹಿಡಿಯಿರಿ. ಚಳಿ ಹುಳುವಿನ ಗುಳ್ಳೆಯನ್ನು ಕೊಲ್ಲುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಕರಗಿಸುವುದು ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ರಾತ್ರಿಯಿಡೀ, ಮುಚ್ಚಿದ ಪಾತ್ರೆಯಲ್ಲಿ. ಕರೆಂಟ್ ಹೋಗಿ ಮೆತ್ತಗಾದ ಮಾಂಸವನ್ನು ಮತ್ತೆ ಗಟ್ಟಿ ಮಾಡಬೇಡಿ, ಇನ್ನೂ ತಣ್ಣಗಿದ್ದರೆ ಅಂದೇ ಬೇಯಿಸಿ. ಸ್ಟೀಲ್ ತಟ್ಟೆಯಲ್ಲಿ ಹಾಕಿ, 20 ನಿಮಿಷದಲ್ಲಿ ತಿನ್ನದಿದ್ದರೆ ಎತ್ತಿಬಿಡಿ. ಮುಧೋಳ ನಾಯಿಯ ಎದೆಗೂಡು ಆಳ. ಹೊಟ್ಟೆ ತುಂಬ ತಿಂದು ಓಡಿದರೆ ಜಠರ ಗಾಳಿ ತುಂಬಿ ತಿರುಚಿಕೊಂಡು ಗಂಟೆಗಳಲ್ಲಿ ಜೀವ ಹೋಗಬಹುದು. ಊಟಕ್ಕೆ ಒಂದು ಗಂಟೆ ಮೊದಲು, ಎರಡು ಗಂಟೆ ನಂತರ ಓಟ ಬೇಡ, ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ.

ಅಂಗಡಿಯದೆಲ್ಲ ಬಿಟ್ಟು ‘ಖರೇ ಬ್ಯಾಟಿ ಮಾಂಸ’ ಹುಡುಕುವವರೂ ಇದ್ದಾರೆ. ಕಾಡುಹಂದಿ, ಮೊಲ, ಚಿಗರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ, ನಾಯಿ ಬಿಟ್ಟು ಅಟ್ಟಿಸುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಬೇಟೆಯಾದ ಪ್ರಾಣಿ, ಅದರ ಮಾಂಸ ಸರ್ಕಾರದ ಸ್ವತ್ತು. ಚಿಗರಿ, ಅಂದರೆ ಕೃಷ್ಣಮೃಗ, ಆ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆಯಿರುವ ಮೊದಲನೇ ಅನುಸೂಚಿಯದು, ಶಿಕ್ಷೆ 3ರಿಂದ 7 ವರ್ಷ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಗದಗಿನ ಕಪ್ಪತಗುಡ್ಡ ಇರುವ ನಮ್ಮ ಸೀಮೆಯಲ್ಲಿ ನಾಯಿಯನ್ನು ಹೊಲಕ್ಕೆ ಸಡಿಲ ಬಿಡುವುದೇ ದೊಡ್ಡ ಅಪರಾಧಕ್ಕೆ ದಾರಿ.

ಬೇಟೆಗೆ ಪರವಾನಗಿ ಇರುವ ದೇಶಗಳಲ್ಲೂ ಬಲ್ಲವರು ಹಸಿ ಕಾಡುಹಂದಿಯನ್ನು ನಾಯಿಗೆ ಹಾಕುವುದಿಲ್ಲ. ಯುರೋಪಿನ ಕಾಡುಹಂದಿಗಳಲ್ಲಿರುವ ಔಜೆಸ್ಕಿ ವೈರಸ್ ತಗುಲಿದ ನಾಯಿ ಮುಖ ಪರಚಿಕೊಳ್ಳುತ್ತ ಎರಡು-ಮೂರು ದಿನಗಳಲ್ಲಿ ಸಾಯುತ್ತದೆ. ಅದಕ್ಕೆ ಔಷಧವಿಲ್ಲ, ಫ್ರೀಜರ್ ಕೂಡ ನೆಚ್ಚಿಕೆಯಲ್ಲ. ಟ್ರೈಕಿನೆಲ್ಲಾ ಹುಳು, ಗುಂಡಿನಿಂದ ಉದುರಿದ ಸೀಸದ ಕಣ ಬೇರೆ. ಇಂಗ್ಲೆಂಡಿನಲ್ಲಿ 2016-17ರಲ್ಲಿ ಬೇಟೆ ನಾಯಿಗಳ ಒಂದು ಹಿಂಡಿಗೇ ದನಗಳ ಕ್ಷಯ ತಗುಲಿ ಹತ್ತಾರು ನಾಯಿಗಳನ್ನು ಕೊಲ್ಲಬೇಕಾಯಿತು. ಅವುಗಳಿಗೆ ಹಾಕುತ್ತಿದ್ದ ಸತ್ತ ದನದ ಹಸಿ ಮಾಂಸದ ಮೇಲೆಯೇ ಶಂಕೆ ಬಲವಾಗಿತ್ತು. ಹಟ್ಟಿಯಲ್ಲಿ ತಾನಾಗಿ ಸತ್ತ ಕುರಿಯನ್ನು ‘ನಾಯಿಗಾದ್ರೂ ಆಗ್ಲಿ’ ಅಂತ ಕೊಯ್ಯುವವರು ಇದನ್ನು ನೆನಪಿಡಬೇಕು. ನಮ್ಮಲ್ಲಿ ಅದಕ್ಕಿಂತ ಹತ್ತಿರದ ಅಪಾಯ ಆಂಥ್ರಾಕ್ಸ್. ದಿಢೀರನೆ ಸತ್ತು, ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುವ ಪ್ರಾಣಿಯನ್ನು ಕೊಯ್ಯಲೇಬಾರದು, ಪಶುವೈದ್ಯರಿಗೆ ತಿಳಿಸಬೇಕು.

ಹಸಿ ಮಾಂಸ ಶುರು ಮಾಡುವ ಮೊದಲೇ ಜಂತುಮಾತ್ರೆ ಆಗಬೇಕು, ಆಮೇಲೆ 6 ವಾರಕ್ಕೊಮ್ಮೆ. ಲಾಡಿಹುಳುವಿಗೆ ಕೆಲಸ ಮಾಡುವುದು ಪ್ರಾಜಿಕ್ವಾಂಟೆಲ್, ಕೆಜಿಗೆ 5 ಮಿಲಿಗ್ರಾಂ. 50 ಮಿಲಿಗ್ರಾಂ ಇರುವ ಮಾತ್ರೆಯಾದರೆ 24 ಕೆಜಿಯ ನಾಯಿಗೆ ಎರಡೂವರೆ. ಚೀಟಿಯಲ್ಲಿ ಆ ಹೆಸರು ಇದೆಯೇ ಓದಿ ಕೊಳ್ಳಿ, ಬರೀ ದುಂಡುಹುಳುವಿನ ಮಾತ್ರೆಯಿಂದ ಇದು ಆಗುವುದಿಲ್ಲ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಮಾತ್ರೆ ಕೊಟ್ಟ ಮೇಲೆ ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಕೈಗವಸು ಹಾಕಿಕೊಂಡು ಎತ್ತಿ ಆಳಕ್ಕೆ ಹೂಳಿ ಅಥವಾ ಸುಡಿ, ತಿಪ್ಪೆಗೆ ಎಸೆಯಬೇಡಿ.